ನೀಲಿ ಕಾಲಿನ ಸೊಸೆ

“ಗುರುಗಳೇ, ಒಬ್ಬರ ಮೇಲೆ ಇಲ್ಲದ ತಪ್ಪು ಹೊರಿಸಿದ್ದೆ. ಕ್ಷಮೆ ಕೇಳಿದೆ, ಅವರೂ ಕ್ಷಮಿಸಿದರು. ಆದರೂ ನಾಚಿಕೆ ಯಾಕೆ ಹೋಗುತ್ತಿಲ್ಲ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ನೂಲಿಗೆ ನೀಲಿ ಬಣ್ಣ ಹಾಕುವ ಮನೆತನವೊಂದಿತ್ತು. ಆ ಮನೆಗೆ ಹೊಸದಾಗಿ ಬಂದ ಸೊಸೆ ಇಡೀ ದಿನ ಬಣ್ಣದ ತೊಟ್ಟಿಯ ಬಳಿ ನಿಂತು ಕೆಲಸ ಮಾಡಬೇಕಿತ್ತು. ಸಂಜೆಯಾಗುವಷ್ಟರಲ್ಲಿ ಅವಳ ಎಡಗಾಲು ಭಾರವಾಗಿ, ಮೀನಖಂಡ ಸಿಡಿಯುವಂತೆ ನೋಯುತ್ತಿತ್ತು. ಅಲ್ಲೊಂದು ಅಂಗೈಯಗಲದ ನೀಲಿ ಮಚ್ಚೆ. ಅತ್ತೆ ಅವಳನ್ನು ವೈದ್ಯನ ಬಳಿಗೆ ಕರೆತಂದಳು.

ವೈದ್ಯ ಹೆಸರುವಾಸಿ. ರೋಗಿಗಳನ್ನು ಬೆಳಗ್ಗೆಯೇ, ಚಾಪೆಯ ಮೇಲೆ ಮಲಗಿಸಿ ನೋಡುವುದು ಅವನ ಪದ್ಧತಿ. ಮಲಗಿದವಳ ಕಾಲಿನಲ್ಲಿ ಬಾವು ಇರಲಿಲ್ಲ. ನೀಲಿ ಮಾತ್ರ ಇತ್ತು. ಆ ಮನೆಯಲ್ಲಿ ಯಾರ ಕಾಲು ನೀಲಿಯಲ್ಲ? “ಇದು ಹುಟ್ಟಿದಾಗಿನಿಂದ ಇದೆ ಸ್ವಾಮಿ” ಎಂದು ಅವಳು ಅಂದದ್ದನ್ನು ಮಹಾಶಯ ಕಿವಿಗೇ ಹಾಕಿಕೊಳ್ಳಲಿಲ್ಲ. ಅಂಗಳದಲ್ಲಿ ಕಾದಿದ್ದ ಜನರಿಗೆಲ್ಲ ಕೇಳುವಂತೆ ನಕ್ಕು, “ರೋಗವೂ ಇಲ್ಲ, ಮಣ್ಣೂ ಇಲ್ಲ. ತೊಟ್ಟಿಯ ಬಣ್ಣ, ಚೆನ್ನಾಗಿ ಉಜ್ಜಿ ತೊಳೆಯಮ್ಮ. ಸ್ವಲ್ಪ ಮೈಗಳ್ಳತನವೂ ಅಂಟಿಕೊಂಡಿದೆ, ಅದೂ ಹೋಗಲಿ” ಎಂದ. ಜನ ನಕ್ಕರು. ಸೊಸೆ ಸೀರೆಯ ಅಂಚನ್ನು ಕೆಳಗೆಳೆದು ಕಾಲು ಮುಚ್ಚಿಕೊಂಡಳು.

ಅಂದಿನಿಂದ ಊರಿನವರ ಬಾಯಲ್ಲಿ ಅವಳು ಮೈಗಳ್ಳಿಯಾದಳು. ಅತ್ತೆ ಕೆಟ್ಟವಳಲ್ಲ, ವೈದ್ಯನ ಮಾತು ನಂಬಿದವಳು. ದಿನವೂ ಸಂಜೆ ಸೀಗೆಪುಡಿ ಹಾಕಿ, ತೆಂಗಿನ ನಾರಿನಿಂದ ಆ ಕಾಲನ್ನು ಉಜ್ಜಿದಳು. ಒಂದು ಸಂಜೆ ಚರ್ಮ ಕಿತ್ತು ರಕ್ತ ಬಂತು. ಏನು ಮಾಡಿದರೂ ನಿಲ್ಲಲಿಲ್ಲ.

ಹೇಳಿಕಳಿಸಿದಾಗ ವೈದ್ಯ ಓಡಿಬಂದ. ಹಾಸಿಗೆ ಕೊಳೆಯಾದೀತೆಂದು ಸೊಸೆ ಗೋಡೆ ಹಿಡಿದು ನಿಂತೇ ಇದ್ದಳು. ಮಚ್ಚೆ ಬದನೆಕಾಯಿಯಂತೆ ಉಬ್ಬಿತ್ತು. ವೈದ್ಯ ಅವಳನ್ನು ಮಲಗಿಸಿ, ಗಾಯವನ್ನು ಒತ್ತಿ, ಕಾಲನ್ನು ಎತ್ತಿ ಹಿಡಿದ. ಉಬ್ಬು ಇಳಿಯಿತು, ರಕ್ತ ನಿಂತಿತು. ಪಟ್ಟಿ ಕಟ್ಟಿ ಮೆಲ್ಲಗೆ ಎಬ್ಬಿಸಿದರೆ ಮತ್ತೆ ತುಂಬಿಕೊಂಡಿತು. ಆಗ ಅವನಿಗೆ ತಿಳಿಯಿತು. ರಕ್ತನಾಳಗಳು ಗರ್ಭದಲ್ಲೇ ತಪ್ಪಾಗಿ ಬೆಳೆದಿದ್ದವು. ನಿಂತರೆ ರಕ್ತ ಮೇಲೇರದೆ ಅಲ್ಲೇ ಮಡುಗಟ್ಟುತ್ತಿತ್ತು. ಅವಳನ್ನು ಒಮ್ಮೆಯಾದರೂ ನಿಲ್ಲಿಸಿ ನೋಡಿದ್ದರೆ ಸಾಕಿತ್ತು. ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಪಾದದಿಂದ ಮೊಣಕಾಲಿನವರೆಗೆ ಬಟ್ಟೆಯನ್ನು ಬಿಗಿಯಾಗಿ ಸುತ್ತುವುದನ್ನು ಕಲಿಸಿದ. ಕೂತು ಮಾಡುವ ಕೆಲಸ ಕೊಡಿ, ಮಲಗುವಾಗ ಕಾಲ ಕೆಳಗೆ ದಿಂಬು ಇಡಿ, ಇನ್ನು ಉಜ್ಜಲೇಬೇಡಿ ಎಂದ. ಪೂರ್ತಿ ವಾಸಿಯಾಗುವಂಥದ್ದಲ್ಲ, ಅಂಕೆಯಲ್ಲಿಡಬಹುದು ಎಂದೂ ಹೇಳಿದ. ಅತ್ತೆ ನೀರು ತರಲು ಒಳಗೆ ಹೋದಾಗ ದನಿ ತಗ್ಗಿಸಿ, “ತಪ್ಪಾಯಿತು ತಾಯಿ, ಕ್ಷಮಿಸು” ಎಂದ.

“ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ ಸ್ವಾಮಿ,” ಎಂದಳು ಸೊಸೆ. “ನನ್ನ ನೋವು ನಿಜವೆಂದು ನನಗೆ ಮೊದಲೇ ಗೊತ್ತಿತ್ತು.”

ಗುರುಗಳು ಕಥೆಯನ್ನು ಅಲ್ಲಿಗೆ ಮುಗಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. “ಅವಳು ಕ್ಷಮಿಸಿದಳಲ್ಲ, ವೈದ್ಯನ ನಾಚಿಕೆ ಹೋಯಿತೇ?”

“ಮೈಗಳ್ಳಿ ಎಂದದ್ದು ಅಂಗಳದ ತುಂಬ ಜನರ ಮುಂದೆ, ತಪ್ಪಾಯಿತು ಎಂದದ್ದು ಯಾರೂ ಇಲ್ಲದಾಗ. ನೀನು ಎಲ್ಲಿ ಕ್ಷಮೆ ಕೇಳಿದೆಯಪ್ಪ?”