ವೈದ್ಯನ ಬಾಗಿಲಲ್ಲಿ ತೆಂಗಿನಕಾಯಿ ವ್ಯಾಪಾರಿ

ಶಿಷ್ಯ ಕೇಳಿದ: “ಗುರುಗಳೇ, ಎಮ್ಮೆ ಹಾಲು ಕೊಡದಿದ್ದರೂ ಜನ ನಿಮ್ಮನ್ನೇ ಕಾಣಬೇಕೆನ್ನುತ್ತಾರೆ. ಅದಕ್ಕೆ ಇವತ್ತಿನಿಂದ ನಾನೇ ಮಠದ ಬಾಗಿಲಲ್ಲಿ ನಿಂತು, ಸಣ್ಣಪುಟ್ಟದ್ದಕ್ಕೆ ಬಂದವರನ್ನು ಬೇರೆ ಕಡೆ ಕಳಿಸುತ್ತಿದ್ದೇನೆ. ಸರಿ ತಾನೇ?”

ಗುರುಗಳು ಹೇಳಿದರು:

ಒಂದೂರಿನಲ್ಲಿ ಒಬ್ಬ ವೈದ್ಯನಿದ್ದ. ಹೋಗುವ ಜೀವವನ್ನು ಹಿಡಿದು ನಿಲ್ಲಿಸುವ ಕೈ ಅವನದು. ಆದರೆ ಅವನ ಜಗಲಿಯಲ್ಲಿ ಸಾಯುವವರಿಗೆ ಜಾಗವೇ ಸಿಗುತ್ತಿರಲಿಲ್ಲ. ಬಿಕ್ಕಳಿಕೆಯವರು, ನೆಗಡಿಯವರು, ಗಂಡನ ಗೊರಕೆಗೆ ಮದ್ದು ಕೇಳುವವರು ಕೋಳಿ ಕೂಗುವ ಮೊದಲೇ ಬಂದು ಕೂತಿರುತ್ತಿದ್ದರು. ವೈದ್ಯ ಬಿಸಿ ಅನ್ನ ಉಂಡು ಹತ್ತು ವರ್ಷವಾಗಿತ್ತು.

ಕೊನೆಗೆ ಅವನು ಒಬ್ಬ ತೆಂಗಿನಕಾಯಿ ವ್ಯಾಪಾರಿಯನ್ನು ಬಾಗಿಲಿಗೆ ನಿಲ್ಲಿಸಿದ. ಕಾಯಿಯನ್ನು ಬೆರಳಿನಿಂದ ತಟ್ಟಿ, ಸದ್ದು ಕೇಳಿಯೇ ಒಳಗಿನದನ್ನು ಹೇಳುವವನು. ಮನುಷ್ಯರಿಗೂ ಅದೇ ಪರೀಕ್ಷೆ ಇಟ್ಟ. ನರಳಾಟ ಜೋರಾಗಿದ್ದರೆ ಒಳಗೆ. ಮೆಲ್ಲಗಿದ್ದರೆ ಬೇರೆ ಕಡೆಗೆ: ನೆಗಡಿಯಾದರೆ ಕಷಾಯದ ಅಜ್ಜಿಯ ಮನೆಗೆ, ಕಾಲು ಉಳುಕಿದ್ದರೆ ಗರಡಿಮನೆಗೆ, ಮುಳ್ಳು ಚುಚ್ಚಿದ್ದರೆ ಕ್ಷೌರಿಕನ ಹತ್ತಿರ. ಯಾರಾದರೂ ಗೊಣಗಿದರೆ, “ಅಳದ ಮಗುವಿಗೆ ತಾಯಿಯೂ ಹಾಲು ಕೊಡುವುದಿಲ್ಲ” ಅನ್ನುತ್ತಿದ್ದ. ಜಗಲಿ ಖಾಲಿಯಾಯಿತು. ಅಜ್ಜಿಯ ಕಷಾಯಕ್ಕೆ ನೆಗಡಿಯೂ ಇಳಿಯಿತು. ವೈದ್ಯ ಬಿಸಿ ಅನ್ನ ಉಂಡ.

ಒಂದು ದಿನ ಒಬ್ಬ ಜಮೀನ್ದಾರ ಹಲಸಿನ ಹಣ್ಣು ಅತಿಯಾಗಿ ತಿಂದು, ನಾಲ್ವರು ಹೊತ್ತ ಮಂಚದಲ್ಲಿ ಬಂದ. “ಸತ್ತೆ, ಸತ್ತೆ” ಎನ್ನುವ ಕೂಗು ಮೂರು ಬೀದಿಗೆ ಕೇಳುತ್ತಿತ್ತು. ವ್ಯಾಪಾರಿ ಎರಡೂ ಕದ ತೆರೆದ. ಹಿಂದೆಯೇ ಒಬ್ಬ ಕುಂಬಾರ ನಡೆದುಕೊಂಡು ಬಂದ. ದೊಡ್ಡವರ ಮನೆಗೆ ಹೇಗೆಂದರೆ ಹಾಗೆ ಹೋಗಬಾರದೆಂದು ಒಗೆದ ರುಮಾಲು ಸುತ್ತಿಕೊಂಡಿದ್ದ.

“ನಿನಗೇನಾಗಿದೆ?” ಎಂದು ವ್ಯಾಪಾರಿ ಕೇಳಿದ.

“ಏನಿಲ್ಲ ಸ್ವಾಮಿ. ಮಣ್ಣು ಅಗೆಯುವಾಗ ಕಾಲಿಗೆ ಏನೋ ತಾಕಿತು. ಪಾಪ, ಮೊದಲು ಅವರನ್ನು ನೋಡಲಿ.”

ವ್ಯಾಪಾರಿ ಅವನನ್ನು ಕ್ಷೌರಿಕನ ಹತ್ತಿರ ಕಳಿಸಿದ. ನಮ್ಮ ಜನರ ಈ ಸಂಕೋಚ ನೆನೆದರೆ ನನಗೆ ಸಿಟ್ಟು ಬರುತ್ತದೆ, ಅಳುವೂ ಬರುತ್ತದೆ. ಮನೆಗೆ ಬೆಂಕಿ ಬಿದ್ದರೂ ಪಕ್ಕದವರಿಗೆ ಊಟವಾಯಿತೇ ಎಂದು ವಿಚಾರಿಸಿ, ಆಮೇಲೆ ನೀರು ಕೇಳುತ್ತಾರೆ.

ಕ್ಷೌರಿಕ ಸೂಜಿ ಹಿಡಿದು ಬಗ್ಗಿದ. ಪಾದದಲ್ಲಿ ಮುಳ್ಳಿರಲಿಲ್ಲ, ಎರಡು ಹಲ್ಲಿನ ಗುರುತಿತ್ತು. ಕುಂಬಾರನನ್ನು ಹೆಗಲಿಗೆ ಹಾಕಿಕೊಂಡು, “ಹಾವು, ಹಾವು” ಎಂದು ಬೊಬ್ಬೆ ಹೊಡೆಯುತ್ತಾ ವೈದ್ಯನ ಮನೆಗೆ ಓಡಿದ. ವ್ಯಾಪಾರಿ ಸದ್ದು ಕೇಳಿದ್ದೇ ಕುಂಬಾರನನ್ನು ಕೆಳಗಿಳಿಸಿ, ಕ್ಷೌರಿಕನನ್ನು ಹಿಡಿದು ಜಗಲಿಯ ಮೇಲೆ ಮಲಗಿಸಿದ. “ನನಗಲ್ಲ, ಅವನಿಗೆ” ಎಂದು ಕ್ಷೌರಿಕ ಕೂಗಿದಷ್ಟೂ ವಿಷ ಏರುತ್ತಿದೆಯೆಂದು ಇನ್ನಷ್ಟು ಒತ್ತಿ ಹಿಡಿದ. ಗಲಾಟೆ ಕೇಳಿ ವೈದ್ಯ ಹೊರಗೆ ಬಂದ. ಕುಂಬಾರ ಗೋಡೆಗೆ ಒರಗಿ, ಮುಚ್ಚಿಹೋಗುತ್ತಿದ್ದ ಕಣ್ಣನ್ನು ಕಷ್ಟಪಟ್ಟು ತೆರೆದು, “ಅವಸರವಿಲ್ಲ, ಅವರದು ಮುಗಿಯಲಿ” ಎಂದ. ಆ ಕಣ್ಣು ನೋಡಿ, ಹಾವು ಕಚ್ಚಿದ್ದು ಯಾರಿಗೆಂದು ವೈದ್ಯನಿಗೆ ತಿಳಿಯಿತು. ಕೂದಲೆಳೆಯ ಅಂತರದಲ್ಲಿ ಕುಂಬಾರ ಉಳಿದ.

ಶಿಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. “ಅಂಥ ದಡ್ಡನನ್ನು ಬಾಗಿಲಿಗೆ ನಿಲ್ಲಿಸಿದ್ದೇ ತಪ್ಪು, ಗುರುಗಳೇ” ಎಂದ.

“ದಡ್ಡನಲ್ಲಪ್ಪ. ನೂರರಲ್ಲಿ ತೊಂಬತ್ತೊಂಬತ್ತು ಜನರನ್ನು ಸರಿಯಾದ ಕಡೆಗೇ ಕಳಿಸಿದ್ದ.”

ಗುರುಗಳು ಕೇಳಿದರು:

“ಬೆಳಿಗ್ಗೆ ಒಬ್ಬ ಹೆಂಗಸು ‘ಏನಿಲ್ಲ, ಸುಮ್ಮನೆ ಬಂದೆ’ ಎಂದಳಲ್ಲ, ಅವಳನ್ನು ಎಲ್ಲಿಗೆ ಕಳಿಸಿದೆ?”