ಹಗೇವಿನ ಬಾಯಿ

ಕಾರಹುಣ್ಣಿಮೆಯ ಬೆಳಿಗ್ಗೆ ಶಾಲೆಯ ಚೀಲವನ್ನು ಬೇಲಿಗೆ ನೇತುಹಾಕಿ ಊರು ಬಿಟ್ಟವನು ಕಲ್ಮೇಶ. ಅಂದಿನಿಂದ ಅವನ ಕಾಲು ಒಂದೆಡೆ ನಿಂತದ್ದಿಲ್ಲ. ಕಂಬಳಿ ಮಾರುತ್ತ ಊರೂರು ತಿರುಗುತ್ತಾನೆ. ಈ ಸಲ ಗುರುಗಳ ಮಠಕ್ಕೆ ಬಂದವನು ಗಂಟು ಇಳಿಸಿ ಕೈಮುಗಿದು, ಮೊಬೈಲು ಮುಂದೆ ಹಿಡಿದ.

"ಅಜ್ಜಾರ, ಕಂಬಳಿ ಕೊಂಡವರು ದುಡ್ಡು ಹಾಕೋದು ಈ ಮೊಬೈಲಿನ ಖಾತೆಗೆ. ನನ್ನ ಬಂಡವಾಳ ಎಲ್ಲಾ ಅಲ್ಲೇ ಐತಿ. ಆ ಖಾತೆ ನಡಸೋ ಕಂಪನಿಯಿಂದ ಇಮೇಲ್ ಬಂದೈತಿ. ಸಂಜಿಯೊಳಗ ಈ ಲಿಂಕ್ ಒತ್ತಿ ಗುಟ್ಟಿನ ನಂಬರ್ ಕೊಡದಿದ್ರ ಖಾತೆ ಬಂದ್ ಅಂತ. ಹೆಸರೂ ಅವರದೇ, ಗುರುತಿನ ಚಿತ್ರಾನೂ ಅವರದೇ. ಖರೇನೋ ಸುಳ್ಳೋ, ಹೆಂಗ ತಿಳೀಬೇಕ್ರಿ?"

ಗುರುಗಳು ಹೇಳಿದರು.

ಒಬ್ಬ ರೈತನಿದ್ದ. ತನ್ನ ಜೋಳವನ್ನೆಲ್ಲ ಹಗೇವಿನಲ್ಲಿ, ಊರ ಹೊರಗೆ ನೆಲದೊಳಗೆ ತೋಡಿದ ಕಣಜದಲ್ಲಿ, ತುಂಬಿಟ್ಟಿದ್ದ. ಅದರ ಬಾಯಿಗೆ ಕಲ್ಲು ಮುಚ್ಚಿ ಮೇಲೆ ಮಣ್ಣು ಎಳೆದಿದ್ದ. ಆ ಜಾಗ ಅವನಿಗೆ, ಹೆಂಡತಿಗೆ, ಕಾಯುವ ತಳವಾರನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಒಂದು ದಿನ ಅಪರಿಚಿತನೊಬ್ಬ ಓಡಿ ಬಂದ. ತಲೆಗೆ ತಳವಾರನಂಥದೇ ಕೆಂಪು ರುಮಾಲು, ಕೈಯಲ್ಲಿ ಅಂಥದೇ ಹಿತ್ತಾಳೆ ಕಟ್ಟಿನ ಕೋಲು.

"ತಳವಾರ ಕಳಿಸ್ಯಾನ. ಹಗೇವಿಗೆ ನೀರು ನುಗ್ಗಾಕತ್ತೈತಿ, ಕಣ್ಣಾರೆ ನೋಡಿ ಬಂದೀನಿ. ಬಾಯಿ ಎಲ್ಲೈತಿ ತೋರಸ್ರಿ, ಲಗೂನ!"

ರೈತ ಎಂಜಲು ಕೈಯಲ್ಲೇ ಎದ್ದ. ಹೆಂಡತಿ ಅಡ್ಡ ನಿಂತಳು.

"ರುಮಾಲು ನೋಡಿ ಓಡಬ್ಯಾಡ್ರಿ. ನೀರು ನುಗ್ಗೂದು ಕಂಡವಂಗ ಬಾಯಿ ಕಾಣಲಿಲ್ಲೇನು?"

ರೈತ ನಿಂತ. ನಿಧಾನಕ್ಕೆ ಕೈ ತೊಳೆದ. "ನೀ ಕೂಡಪಾ, ರೊಟ್ಟಿ ತಿನ್ನು. ನಾ ತಳವಾರನ ಮನಿಗೆ ಹೋಗಿ ಕೇಳಿ ಬರ್ತೀನಿ" ಎಂದ. ಅವನು ಹೊಸಿಲು ದಾಟುವಷ್ಟರಲ್ಲಿ ಬಂದವನು ಹಿತ್ತಲ ಬೇಲಿ ಹಾರಿದ್ದ. ರುಮಾಲು ಮುಳ್ಳಿಗೆ ಸಿಕ್ಕಿ ಅಲ್ಲೇ ಉಳಿಯಿತು. ತಳವಾರನ ಜೊತೆ ಹೋಗಿ ನೋಡಿದರೆ ಹಗೇವು ಒಣಗಿಯೇ ಇತ್ತು.

ಕಲ್ಮೇಶನಿಗೆ ಇನ್ನೂ ಸಮಾಧಾನವಿಲ್ಲ. "ಖರೇನ ನೀರು ನುಗ್ಗಿದ್ದರ, ಅಜ್ಜಾರ?"

"ಇಷ್ಟು ಊರು ಸುತ್ತಿದ ನಿನಗೆ ನಿನ್ನ ಹಗೇವಿನ ದಾರಿಯನ್ನೂ ಇನ್ನೊಬ್ಬ ತೋರಿಸಬೇಕೇನು, ತಮ್ಮಾ?"

ಕಲ್ಮೇಶ ಇಮೇಲಿನ ಲಿಂಕನ್ನು ಮುಟ್ಟದೆ, ದಿನವೂ ತೆರೆಯುವ ಆ್ಯಪನ್ನು ತಾನೇ ತೆರೆದ. ದುಡ್ಡು ಇದ್ದಲ್ಲೇ ಇತ್ತು. ಖಾತೆ ಬಂದಾಗುವ ಸುದ್ದಿ ಅಲ್ಲಿ ಎಲ್ಲೂ ಇರಲಿಲ್ಲ. ಇಮೇಲ್ ಅಳಿಸಿದ. ಸಂಜೆಗೆ ಇನ್ನೂ ಹೊತ್ತಿತ್ತು, ಮುಂದಿನ ಊರು ದೂರವೇನಲ್ಲ. ಗುರುಗಳ ಕಾಲುಮುಟ್ಟಿ ಎದ್ದು, ಕಂಬಳಿಗಳ ಗಂಟಿಗೆ ಹಗ್ಗ ಬಿಗಿಯತೊಡಗಿದ.