ಬಾಯಿ ಬಿಟ್ಟ ಮಂಗಟ್ಟೆ

ಕರಡಿಗುಡ್ಡದ ಕಾಡು ಗೊತ್ತಾ ಮಕ್ಕಳೇ? ನಿಮಗೆ ಗೊತ್ತಿಲ್ಲದಿದ್ದರೂ ನಡೆಯುತ್ತೆ, ಹೇಳುವವನಿಗೆ ಗೊತ್ತಿದ್ದರೆ ಸಾಕು. ಆ ಕಾಡಿನ ನಡುವೆ ಒಂದು ಹಳೇ ಹೊನ್ನೆಮರ, ಮರದಲ್ಲೊಂದು ಪೊಟರೆ. ಅಲ್ಲಿ ಕೊಂಬಣ್ಣನೆಂಬ ಮಂಗಟ್ಟೆ ಹಕ್ಕಿ ಹೆಂಡತಿ ಚುಕ್ಕವ್ವನ ಜೊತೆ ಸಂಸಾರ ಹೂಡಿದ್ದ.

ಹಕ್ಕಿ ಅಂದರೆ ಹಾಗಿರಬೇಕು! ಬಾಳೆಕಾಯಿಯಂತೆ ಬಾಗಿದ ಕೊಕ್ಕು, ಕೊಕ್ಕಿನ ಮೇಲೊಂದು ಕೊಂಬು, ಮೊಳದುದ್ದದ ಬಾಲ. ಗುಡ್ಡದಾಚೆಯ ಆಲದ ಮರಕ್ಕೆ ಹೋಗಿ ಬರುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಇದು ಅವನೇ ಎಲ್ಲರಿಗೂ ಹೇಳುತ್ತಿದ್ದ ಮಾತು. ಸುಳ್ಳೂ ಅಲ್ಲ.

ಅವನಿಗಿದ್ದ ಕೇಡು ಒಂದೇ. ಯಾರಾದರೂ ಅವನ ಬಗ್ಗೆ ಒಂದು ಮಾತು ಹಗುರವಾಗಿ ಆಡಿದರೆ, ತಿರುಗಿಸಿ ಅಂದುಬಿಡುವವರೆಗೆ ಅವನ ಗಂಟಲಲ್ಲಿ ನೀರು ಇಳಿಯುತ್ತಿರಲಿಲ್ಲ.

ಬೇಸಿಗೆ ಬಂತು. ಮೊಟ್ಟೆಯಿಡುವ ಕಾಲಕ್ಕೆ ಮಂಗಟ್ಟೆಗಳ ಪದ್ಧತಿಯೇ ಬೇರೆ. ತಾಯಿ ಹಕ್ಕಿ ಪೊಟರೆಯೊಳಗೆ ಕೂತು ಬಾಗಿಲನ್ನು ಒಳಗಿಂದಲೇ ಮಣ್ಣಿನಿಂದ ಮೆತ್ತಿಕೊಳ್ಳುತ್ತದೆ. ಹಾವಾಗಲಿ, ಕಾಡುಬೆಕ್ಕಾಗಲಿ ಒಳಗೆ ನುಗ್ಗುವಂತಿಲ್ಲ. ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಟ್ಟಿರುತ್ತದೆ. ಒಳಗಿರುವಾಗ ತಾಯಿಯ ರೆಕ್ಕೆಗರಿಗಳೆಲ್ಲ ಉದುರಿ ಹೊಸದು ಬರಬೇಕು. ಅಲ್ಲಿಯವರೆಗೆ ಗಂಡ ಗಂಟಲ ತುಂಬ ಹಣ್ಣು ತಂದು, ಒಂದೊಂದಾಗಿ ಆ ಸೀಳಿನಲ್ಲಿ ಕೊಡಬೇಕು. ದಾರಿಯಲ್ಲಿ ಬಾಯಿ ಬಿಟ್ಟನೋ, ಹಣ್ಣೆಲ್ಲ ನೆಲದ ಪಾಲು.

ಬಾಗಿಲು ಮೆತ್ತುವಾಗ ಚುಕ್ಕವ್ವ ಅಂದಳು, "ನೋಡ್ರಿ, ಇನ್ಮೇಲೆ ನಿಮ್ಮ ಕೊಕ್ಕಲ್ಲೇ ನಮ್ಮ ಜೀವ. ದಾರೀಲಿ ಯಾರೇನಂದ್ರೂ ಸುಮ್ನೆ ಬಂದ್ಬಿಡಿ."

"ನನಗೇ ಹೇಳಿಕೊಡ್ತೀಯಾ? ಈ ಕಾಡಲ್ಲಿ ನನ್ನಂಥ ಗಂಡ ಇನ್ನೊಬ್ಬಳಿಗೆ ಸಿಕ್ಕಿದಾನಾ, ತೋರ್ಸು!"

"ತೋರ್ಸೋಕೆ ನಾನು ಹೊರಗಿಲ್ವಲ್ಲ" ಅಂತ ಅವಳು ನಕ್ಕಳು. ಕೊನೆಯ ಮಣ್ಣುಂಡೆಯೂ ಕೂತಿತು.

ಮೊದಮೊದಲು ಎಲ್ಲ ಸರಿಯಾಗೇ ಇತ್ತು. ಕೊಂಬಣ್ಣ ಬೆಳಗಾಗುತ್ತಲೇ ಹಾರಿಹೋಗಿ, ಗಂಟಲು ಉಬ್ಬಿಸಿಕೊಂಡು ಬರುತ್ತಿದ್ದ. ಚುಕ್ಕವ್ವ ಹೊಟ್ಟೆ ತುಂಬ ತಿನ್ನುತ್ತಿದ್ದಳು.

ಆದರೆ ಆಲದ ಮರದ ದಾರಿಯಲ್ಲಿ ಒಂದು ಲಂಟಾನದ ಪೊದೆಯಿತ್ತು. ಅದರ ತುಂಬ ಹರಟೆಮಲ್ಲ ಹಕ್ಕಿಗಳು. ಕೆಲಸಕ್ಕಿಂತ ಬಾಯೇ ಹೆಚ್ಚು. ಅವರಲ್ಲಿ ಬೂದವ್ವ ಅನ್ನುವವಳು ಒಂದು ದಿನ ತಲೆಯೆತ್ತಿ ಅಂದಳು, "ಅಕ್ಕಾ, ನೋಡ್ರೇ! ಹೆಂಡ್ತೀನ ಗೋಡೆಗೆ ಹಾಕಿ ಮೆತ್ತಿ, ತಾನು ಊರು ತಿರುಗ್ತಾನೆ."

"ಹಾರೋ ಸದ್ದು ಕೇಳು, ಗಾಡಿಗೆ ಎಣ್ಣೆ ಕಾಣ್ಸಿಲ್ಲ!" ಅಂದಳು ಇನ್ನೊಬ್ಬಳು. ಪೊದೆಗೆ ಪೊದೆಯೇ ಕಿಲಕಿಲ ಅಂದಿತು.

ಕೊಂಬಣ್ಣ ಗಾಳಿಯಲ್ಲೇ ನಿಂತಂತಾದ. ತಿರುಗಿ ಬಂದು ಪೊದೆಯ ಮೇಲಿನ ಕೊಂಬೆಯಲ್ಲಿ ಕೂತ. ಬಾಯಿ ಬಿಟ್ಟ.

"ಯಾರೇ ಅದು ಅಂದಿದ್ದು? ನಮ್ಮ ಕುಲದ ಪದ್ಧತಿ ನಿಮ್ಮಂಥ ತಿಪ್ಪೆ ಕೆರೆಯೋರಿಗೆ ಏನು ಗೊತ್ತು?"

ಒಂದೊಂದು ಮಾತಿಗೂ ಒಂದೊಂದು ಹಣ್ಣು ಉರುಳಿತು. ಕೊಂಬಣ್ಣ ವಾದದಲ್ಲಿ ಗೆದ್ದ. ಹೊನ್ನೆಮರಕ್ಕೆ ಬರುವಷ್ಟರಲ್ಲಿ ಎದೆ ಉಬ್ಬಿತ್ತು, ಗಂಟಲು ಖಾಲಿಯಾಗಿತ್ತು.

"ಇವತ್ತು ಅವರ ಬಾಯಿ ಮುಚ್ಚಿಸಿ ಬಂದೆ ಕಣೇ!"

ಸೀಳಿನಿಂದ ಚುಕ್ಕವ್ವನ ಕೊಕ್ಕು ಹೊರಬಂತು. "ಹಣ್ಣು?"

"ನಾಳೆ ಎರಡು ಪಾಲು ತರ್ತೀನಿ ಬಿಡು."

ಕೊಕ್ಕು ಮೆಲ್ಲಗೆ ಒಳಗೆ ಹೋಯಿತು.

ಅಲ್ಲಿಂದ ಅದೇ ಚಟವಾಯಿತು. ಅಂದವರಿಗೆ ಉತ್ತರ ಕೊಡುವುದಷ್ಟೇ ಅಲ್ಲ, ಯಾರು ಏನಂದರು ಅಂತ ಕೇಳಿಕೊಂಡು ಬರಲು ಸುತ್ತು ದಾರಿ ಹಿಡಿಯತೊಡಗಿದ. ಮುಸುವವೊಂದು "ಆ ಕೊಂಬು ಒಳಗೆ ಟೊಳ್ಳಂತೆ" ಅಂದಿತೆಂದು ಒಂದು ಬೆಳಗು ಹೋಯಿತು. ನವಿಲು ಅವನ ಬಾಲ ನೋಡಿ ಮುಖ ತಿರುಗಿಸಿತೆಂದು ಒಂದು ಮಧ್ಯಾಹ್ನ ಹೋಯಿತು.

ಒಂದು ಸಂಜೆ ಪೊದೆಯ ಬುಡದಿಂದ ಅಳಿಲೊಂದು ಕೂಗಿ ಹೇಳಿತು, "ಕೊಂಬಣ್ಣಾ, ನಿಮ್ಮ ಜಗಳ ಹೀಗೇ ನಡೀತಿರಲಿ. ನನ್ನ ಮಕ್ಕಳು ಇಷ್ಟು ಹೊಟ್ಟೆ ತುಂಬ ಎಂದೂ ತಿಂದಿರಲಿಲ್ಲ."

ಅದನ್ನೂ ಅವನು ಹೊಗಳಿಕೆ ಅಂದುಕೊಂಡ.

ಅಷ್ಟರಲ್ಲಿ ಮೊಟ್ಟೆಯೊಡೆದಿತ್ತು. ಪೊಟರೆಯಿಂದ 'ಚೀಂ' ಅನ್ನುವ ಸಣ್ಣ ದನಿ ಬಂದಾಗ ಕೊಂಬಣ್ಣ ಕಾಡೆಲ್ಲ ಕೇಳುವಂತೆ ಕೂಗಿದ. ಆದರೆ ಬಿಸಿಲು ಏರಿದಂತೆ ಹತ್ತಿರದ ಹಣ್ಣುಗಳೆಲ್ಲ ಮುಗಿದವು. ಮರಿಯ ದನಿ ದಿನದಿನಕ್ಕೆ ಇಳಿಯಿತು.

"ಕೋಪ ಮಾಡ್ಕೋಬೇಡಿ, ಒಂದು ಮಾತು" ಅಂದಳು ಚುಕ್ಕವ್ವ. "ನೀವು ತರೋದು ಸಾಲ್ತಿಲ್ಲ. ನನ್ನ ಪಾಲನ್ನೂ ಇದಕ್ಕೇ ಕೊಡ್ತಿದೀನಿ, ಆದ್ರೂ ಸಾಲ್ತಿಲ್ಲ."

ಅವಳು ಆಡಿದ್ದು ನಿಜ. ಆದರೆ ಕೊಂಬಣ್ಣನ ಕಿವಿಗೆ ಬೂದವ್ವನ ಮಾತೂ ಒಂದೇ, ಹೆಂಡತಿಯ ಮಾತೂ ಒಂದೇ.

"ಸಾಲ್ತಿಲ್ವಾ? ಈ ಬಿಸಿಲಲ್ಲಿ ಗುಡ್ಡ ದಾಟೋನು ನಾನು! ನೆರಳಲ್ಲಿ ಕೂತು ತಿನ್ನೋಳು ನೀನು!"

ಚುಕ್ಕವ್ವ ಮತ್ತೆ ಆ ಮಾತು ಎತ್ತಲಿಲ್ಲ.

ಮರುದಿನ ಗುಡ್ಡದಾಚೆಯ ಆಲದಲ್ಲಿ ಒಂದೇ ಕೊಂಬೆಯಲ್ಲಿ ಹಣ್ಣು ಉಳಿದಿತ್ತು. ಕೊಂಬಣ್ಣ ಒಂದನ್ನೂ ಬಿಡದೆ ಗಂಟಲಿಗೆ ತುಂಬಿಕೊಂಡ. ಇವತ್ತು ತೋರಿಸ್ತೀನಿ ಅಂದುಕೊಂಡು ಹೊರಟ. ಹೊತ್ತು ಇಳಿಯುತ್ತಿತ್ತು.

ಪೊದೆಯ ಮೇಲೆ ಬರುವಾಗ ಬೂದವ್ವನ ದನಿ ಕೇಳಿತು. ಈ ಸಲ ಅವಳು ನಗುತ್ತಿರಲಿಲ್ಲ.

"ಪಾಪ, ಆ ಮರಿ ಹಸಿದು ಅಳುತ್ತಂತೆ. ಅಪ್ಪನ ಕೈಲಿ ಸಾಕೋಕಾಗಲಿಲ್ಲ ಅಂತ ಕಾಣುತ್ತೆ."

ಕೊಂಬಣ್ಣ ಬಾಯಿ ಬಿಗಿಹಿಡಿದು ಹಾರಿದ. ಒಂದು ಮರ ದಾಟಿದ. ಇನ್ನೊಂದು ದಾಟಿದ. ಆ ಮಾತು ಮುಳ್ಳಿನಂತೆ ಚುಚ್ಚುತ್ತಲೇ ಇತ್ತು. ಹೊನ್ನೆಮರದ ತುದಿ ಕಣ್ಣಿಗೆ ಬಿದ್ದಿತ್ತು, ಮಕ್ಕಳೇ. ಅಷ್ಟು ಹತ್ತಿರ ಬಂದಿದ್ದ.

ಅಲ್ಲಿಂದ ತಿರುಗಿದ.

"ನನ್ನ ಕೈಲಾಗಲ್ವಾ? ನನ್ನ ಮರಿ ನಾನು ಸಾಕಲ್ವಾ? ನೋಡು, ನೋಡು, ಬಾಯಿ ತುಂಬ..." ಅನ್ನುವಾಗಲೇ ಬಾಯಿ ತುಂಬ ಇದ್ದದ್ದು ಲಂಟಾನದ ಮುಳ್ಳಿನೊಳಗೆ ಉದುರಿಹೋಯಿತು. ಅವನು ಕೂಗುತ್ತಲೇ ಇದ್ದ. ಹರಟೆಮಲ್ಲಗಳು ಬೇಸತ್ತು ಮಲಗಲು ಹೋದವು. ಕತ್ತಲಾಯಿತು. ಕತ್ತಲಲ್ಲಿ ಮಂಗಟ್ಟೆ ಹಾರುವುದಿಲ್ಲ.

ಬೆಳಗ್ಗೆ ಅವನು ಬಂದಾಗ ಹೊನ್ನೆಮರದಲ್ಲಿ ಸದ್ದೇ ಇರಲಿಲ್ಲ. ಪೊಟರೆಯ ಮಣ್ಣಿನ ಬಾಗಿಲು ಒಡೆದು ಬಿದ್ದಿತ್ತು. ಚುಕ್ಕವ್ವ ಪಕ್ಕದ ಕೊಂಬೆಯಲ್ಲಿ ಕೂತಿದ್ದಳು. ಹಣ್ಣು ಹುಡುಕಲು ಹೊರಟವಳಿಗೆ ಅರ್ಧ ಬೆಳೆದ ರೆಕ್ಕೆಯಲ್ಲಿ ಅಷ್ಟು ದೂರ ಮಾತ್ರ ಬರಲಾಗಿತ್ತು. ಒಳಗೆ ಮರಿ ತಣ್ಣಗಾಗಿತ್ತು.

"ಅವಳು ಏನಂದ್ಲು ಗೊತ್ತಾ, ಆ ಬೂದವ್ವ..." ಅಂತ ಕೊಂಬಣ್ಣ ಶುರುಮಾಡಿ, ಅಲ್ಲೇ ಮಾತು ನಿಲ್ಲಿಸಿದ.

ಚುಕ್ಕವ್ವ ತಲೆಯೆತ್ತಿ ಅವನನ್ನು ನೋಡಿದಳು.

"ಏನಾದ್ರೂ ಅನ್ನೇ. ಬೈಯಾದ್ರೂ ಬೈಯಿ."

ಅವಳು ಪೊಟರೆಯ ಕಡೆ ಮುಖ ತಿರುಗಿಸಿದಳು. ಜನ್ಮದಲ್ಲಿ ಮೊದಲ ಸಲ ಕೊಂಬಣ್ಣ ಒಂದು ಬೈಗುಳಕ್ಕಾಗಿ ಕಾದ. ಅದು ಬರಲಿಲ್ಲ.

ಅವಳ ರೆಕ್ಕೆ ಬೆಳೆಯುವವರೆಗೆ ಅವನು ಇನ್ನೂ ದೂರದ ಮರಗಳಿಂದ ಹಣ್ಣು ತಂದ. ಪೊದೆಯಲ್ಲಿ ಹರಟೆಮಲ್ಲಗಳು ಅನ್ನುವುದನ್ನು ಅನ್ನುತ್ತಲೇ ಇದ್ದವು. ಅವನು ತಲೆಯೆತ್ತದೆ, ಬಾಯಿ ಬಿಡದೆ ಹಾರಿಹೋಗುತ್ತಿದ್ದ. ಒಂದು ಹಣ್ಣೂ ಕೆಳಗೆ ಬೀಳುತ್ತಿರಲಿಲ್ಲ. ಆದರೆ ಅದರಲ್ಲಿ ಒಂದು ಪಾಲು ತಿನ್ನುವ ಬಾಯಿಯೇ ಈಗ ಇರಲಿಲ್ಲ.

ನೀತಿ: ಆಡಿಕೊಳ್ಳುವವರಿಗೆಲ್ಲ ಉತ್ತರ ಕೊಡುತ್ತ ನಿಂತವನು, ಕೊನೆಗೆ ತನ್ನನ್ನೇ ನಂಬಿದವರ ಮುಂದೆ ಉತ್ತರವಿಲ್ಲದೆ ನಿಲ್ಲುತ್ತಾನೆ.